ಮುಂಬಾಗಿಲಿಗೆ ಮೂರು ಬೋಲ್ಟಿನ ಬೀಗ: ಒಂದು ಮಳೆಗಾಲ ದಾಟಿದ ಮೇಲೆ

ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮದು ಹಳೆಯ ಒಂಟಿ ಮನೆ. ಅಪಾರ್ಟ್‌ಮೆಂಟ್ ಅಲ್ಲ, ವಾಚ್‌ಮನ್ ಇಲ್ಲ. ಇರುವುದು ನಾನು, ನಮ್ಮನೆಯವರು, ಎಂಬತ್ತು ದಾಟಿದ ಅತ್ತೆ. ಸಾಗರದ ಹತ್ತಿರ ಸ್ವಲ್ಪ ತೋಟ ಇರುವುದರಿಂದ ಆಗಾಗ ಬಾಗಿಲು ಹಾಕಿಕೊಂಡು ಊರಿಗೆ ಹೋಗಲೇಬೇಕು. ಭೂಮಿ ಹುಣ್ಣಿಮೆ, ದೀಪಾವಳಿ, ಅಡಿಕೆ ಕೊಯ್ಲು, ಆಮೇಲೆ ಮದುವೆಗಳ ಸಾಲು. ಕಳೆದ ಬೇಸಿಗೆಯಲ್ಲಿ ಮುಂಬಾಗಿಲಿಗೆ ಗೋದ್ರೆಜ್ ಅಲ್ಟ್ರಾ ಟ್ರೈಬೋಲ್ಟ್ ಬೀಗ ಹಾಕಿಸಿದೆವು. ಈಗ ಒಂದು ಪೂರ್ತಿ ಮಲೆನಾಡ ಮಳೆಗಾಲ ಕಳೆದಿದೆ. ಹೊಸದರಲ್ಲಿ ಯಾವ ಬೀಗವಾದರೂ ಚೆನ್ನಾಗಿಯೇ ಇರುತ್ತದೆ, ಅಲ್ವಾ? ಅದಕ್ಕೇ ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ಮೊದಲು ನಮ್ಮದು ಅದೇ ಕಂಪನಿಯ ನವ್‌ತಾಲ್, ಕೊಂಡಿಗೆ ನೇತುಹಾಕುವ ಬೀಗ. ಹಿತ್ತಾಳೆಯದು, ಏಳು ಲಿವರಿನದು. ಅರ್ದೇಶಿರ್ ಗೋದ್ರೆಜ್ ಎಂಬ ವಕೀಲರು 1897ರಲ್ಲಿ ಮುಂಬೈಯಲ್ಲಿ ಬೀಗ ಮಾಡುತ್ತಲೇ ಶುರುಮಾಡಿದ ಕಂಪನಿ ಅದು. ನವ್‌ತಾಲ್ ಬಗ್ಗೆ ನನಗೆ ಇವತ್ತಿಗೂ ಒಂದು ದೂರೂ ಇಲ್ಲ. ಲಿವರ್ ಅಂದರೆ ಒಳಗಿನ ಸಣ್ಣ ಲೋಹದ ಪಟ್ಟಿ; ಏಳೂ ಅದರದರ ಎತ್ತರಕ್ಕೆ ಸರಿಯಾಗಿ ಏಳದಿದ್ದರೆ ಅದು ತೆರೆಯುವುದಿಲ್ಲ. ತಂತಿ ಹಾಕಿ ತೆರೆಯುವುದು ಸುಲಭದ ಮಾತಲ್ಲ.

ಆದರೆ ಕಳ್ಳರು ಬೀಗದ ತಂಟೆಗೇ ಹೋಗುವುದಿಲ್ಲ. ನಮ್ಮ ಸಾಲಿನಲ್ಲೇ ಒಂದು ಮನೆಯವರು ಮದುವೆಗೆ ಹೋಗಿದ್ದಾಗ ರಾತ್ರಿ ಕನ್ನ ಹಾಕಿದರು. ಮಾರನೆಯ ದಿನ ಆ ಬಾಗಿಲನ್ನು ನಾನು ಹತ್ತಿರದಿಂದ ನೋಡಿದೆ. ಬೀಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹಾಕಿದ್ದು ಹಾಕಿದ ಹಾಗೇ, ಕೊಂಡಿಯ ಸಮೇತ ಮೆಟ್ಟಿಲ ಮೇಲೆ ಬಿದ್ದಿತ್ತು. ಕೊಂಡಿಯನ್ನು ಹಿಡಿದಿದ್ದ ಸ್ಕ್ರೂಗಳು ಸಡಿಲ ಹಲ್ಲಿನ ಹಾಗೆ ಕಿತ್ತುಬಂದಿದ್ದವು. ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ, ಮುಕ್ಕಾಲು ಇಂಚೂ ಉದ್ದ ಇರಲಿಲ್ಲ. ಕೊಂಡಿ ಮತ್ತು ಮರದ ನಡುವೆ ರಾಡ್ ತೂರಿಸಿ ಒಂದು ಸಲ ಮೀಟಿದ್ದಾರೆ, ಅಷ್ಟೇ. ಮರದಲ್ಲಿ ರಾಡ್ ಒತ್ತಿದ ಗುರುತು ಅಚ್ಚಾಗಿ ಉಳಿದಿತ್ತು.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬಾಗಿಲ ಮೇಲೆ ನೇತಾಡುವ ಬೀಗ ಬೀದಿಗೆಲ್ಲ ಕಾಣುತ್ತದೆ. ಒಳಗೆ ಯಾರೂ ಇಲ್ಲ ಎಂದು ಬೋರ್ಡ್ ಹಾಕಿದ ಲೆಕ್ಕ. ಹಗಲು ಹೊತ್ತಿನಲ್ಲಿ ಸುಮ್ನೆ ಬೈಕಿನಲ್ಲಿ ಒಂದು ಸುತ್ತು ಹಾಕಿದವನಿಗೂ ಯಾವ ಮನೆ ಖಾಲಿ ಅಂತ ಗೊತ್ತಾಗುತ್ತದೆ.

ಟ್ರೈಬೋಲ್ಟ್ ಹಾಗಲ್ಲ. ಬೀಗದ ಪೆಟ್ಟಿಗೆ ಬಾಗಿಲಿನ ಒಳಮೈಗೆ ಕೂರುತ್ತದೆ. ಹೊರಗಿನಿಂದ ಕಾಣುವುದು ಒಂದು ಸಣ್ಣ ಬಿಲ್ಲೆ, ಅದರ ನಡುವೆ ಕೀ ಹಾಕುವ ಸೀಳು. ನಾವು ಒಳಗಿದ್ದರೂ ಹಾಗೇ ಕಾಣುತ್ತದೆ, ಊರಿಗೆ ಹೋಗಿದ್ದರೂ ಹಾಗೇ. ರಾಡ್ ತೂರಿಸಲು ಹೊರಗೆ ಕೊಂಡಿಯೇ ಇಲ್ಲ. ಕೀ ತಿರುಗಿಸಿದಾಗ ಮೂರು ಬೋಲ್ಟ್ ಒಟ್ಟಿಗೆ ಹೊರಬಂದು ಚೌಕಟ್ಟಿಗೆ ಬಿಗಿದ ಕಬ್ಬಿಣದ ಮನೆಯೊಳಗೆ ಹೋಗಿ ಕೂರುತ್ತವೆ. ಕೀ ನಿಲ್ಲುವವರೆಗೂ ತಿರುಗಿಸಬೇಕು. ಅರ್ಧಕ್ಕೆ ಬಿಟ್ಟರೆ ಬೋಲ್ಟ್ ಪೂರ್ತಿ ಹೋಗಿರುವುದಿಲ್ಲ. ಬಾಗಿಲು ಎಳೆದುಕೊಂಡರೆ ತಾನಾಗಿ ಬೀಳುವ ಲಾಕ್ ಬೇರೆ ಜಾತಿ. ಹಾಲಿನವನ ಹತ್ತಿರ ಮಾತಾಡಲು ಆಚೆ ಬಂದಾಗ ಗಾಳಿಗೆ ಬಾಗಿಲು ಬಡಿದು, ಒಳಗೆ ಒಲೆಯ ಮೇಲೆ ಅನ್ನ, ಹೊರಗೆ ನಾವು ಅನ್ನುವ ಪರಿಸ್ಥಿತಿ ಅದರಲ್ಲಿ ಬರುತ್ತದೆ. ಇದರಲ್ಲಿ ನಾವೇ ತಿರುಗಿಸಿದರೆ ಮಾತ್ರ ಬೋಲ್ಟ್ ಬೀಳುತ್ತದೆ. ವಯಸ್ಸಾದವರು ಇರುವ ಮನೆಗೆ ಇದೇ ವಾಸಿ.

ನಾಲ್ಕು ಸಾವಿರದ ಒಳಗೆ ಆಯಿತು. ನವ್‌ತಾಲ್‌ಗೆ ಹೋಲಿಸಿದರೆ ಜಾಸ್ತಿ. ಆದರೆ ಒಂದು ಮಾತು ನೆನಪಿರಲಿ: ಈ ಬೀಗದ ಬೆಲೆ ನಿಂತಿರುವುದು ಅದನ್ನು ಕೂರಿಸುವ ಕೆಲಸದ ಮೇಲೆ. ಅಂಗಡಿಯವರು ಕಳಿಸಿದ ಹುಡುಗ ಬೇಗ ಬೇಗ ಅಳತೆ ತೆಗೆದು, ಗಿಡ್ಡ ಸ್ಕ್ರೂ ಹಾಕಿ ಮುಗಿಸುವ ತಯಾರಿಯಲ್ಲಿದ್ದ. ಕನ್ನ ಬಿದ್ದ ಮನೆಯ ಸ್ಕ್ರೂ ನನ್ನ ಕಣ್ಣ ಮುಂದೆಯೇ ಇತ್ತು, ಅವನನ್ನು ಅಲ್ಲಿಗೇ ನಿಲ್ಲಿಸಿದೆ. ನಮ್ಮ ತೋಟದ ಮನೆಯ ಕೆಲಸ ಮಾಡಿದ ಆಚಾರ್ರಿಗೆ ಫೋನ್ ಮಾಡಿದೆ. ಅವರು ಬಂದವರು ಬೀಗವನ್ನು ನೋಡಲೇ ಇಲ್ಲ. ಮೊದಲು ಚೌಕಟ್ಟಿಗೆ ಬೆರಳಿನಿಂದ ತಟ್ಟಿ ಮೇಲಿಂದ ಕೆಳಗಿನವರೆಗೂ ಸದ್ದು ಕೇಳಿಸಿಕೊಂಡರು.

‘ಬೀಗ ಎಷ್ಟು ಗಟ್ಟಿ ಇದ್ರೇನಮ್ಮಾ, ಹಿಡ್ಕೊಳ್ಳೋದು ಚೌಕಟ್ಟಲ್ವಾ? ನಿಮ್ದು ಹೊನ್ನೆ, ಯೋಚನೆ ಇಲ್ಲ’ ಅಂದರು.

ಆಮೇಲೆ ಎರಡೂವರೆ ಇಂಚಿನ ಸ್ಕ್ರೂ ತಂದರು. ಹೊನ್ನೆ ಮರಕ್ಕೆ ನೇರವಾಗಿ ಸ್ಕ್ರೂ ಕೊಟ್ಟರೆ ತಲೆ ಮುರಿಯುತ್ತದೆ, ಇಲ್ಲವೇ ಮರ ಸೀಳುತ್ತದೆ. ಸಣ್ಣ ಬಿಟ್ ಹಾಕಿ ಮೊದಲು ತೂತು ಕೊರೆದರು. ಬಚ್ಚಲಿನಿಂದ ಸೋಪು ಕೇಳಿ, ಒಂದೊಂದು ಸ್ಕ್ರೂವನ್ನೂ ಅದಕ್ಕೆ ಉಜ್ಜಿ ಒಳಗೆ ಬಿಟ್ಟರು. ಬೋಲ್ಟ್ ಬಂದು ಕೂರುವ ಮನೆಯನ್ನು ಚೌಕಟ್ಟಿನ ಅಂಚಿಗೆ ಅಂಟಿಸಿದ ಹಾಗೆ ಬಿಡದೆ, ಉಳಿಯಿಂದ ಅಷ್ಟು ಮರ ತೆಗೆದು ಒಳಕ್ಕೆ ಇಳಿಸಿದರು. ಅಂಗಡಿ ಹುಡುಗನೂ ಪಕ್ಕದಲ್ಲಿ ನಿಂತು ಎಲ್ಲ ನೋಡಿ, ಕೊನೆಗೆ ತಾನೇ ಸ್ಕ್ರೂ ಬಿಗಿದ. ಅವನಿಗೂ ಇದನ್ನು ಯಾರಾದರೂ ಕಲಿಸಬೇಕಿತ್ತು ಅಷ್ಟೇ.

ನೀವು ಈ ಬೀಗ ತರುವುದಾದರೆ ಒಳಗಡೆ ಏನು ಬೇಕು ಅಂತ ಮೊದಲೇ ಯೋಚನೆ ಮಾಡಿ. ಒಂದು ಬಗೆಯಲ್ಲಿ ಹೊರಗೆ ಕೀ, ಒಳಗೆ ಕೈಯಲ್ಲಿ ತಿರುಗಿಸುವ ನಾಬ್. ಇನ್ನೊಂದರಲ್ಲಿ ಎರಡೂ ಕಡೆ ಕೀ. ನಮ್ಮ ಮನೆಯಲ್ಲಿ ಮುಂಬಾಗಿಲಿನ ಪಕ್ಕದಲ್ಲೇ ಕಿಟಕಿ ಇದೆ, ನಮ್ಮ ಕಡೆ ಬಹಳ ಮನೆಗಳಲ್ಲಿ ಹಾಗೇ ಇರುತ್ತದೆ. ಸರಳಿನ ಸಂದಿಯಿಂದ ಕೈ ತೂರಿಸಿ, ತುದಿ ಬಗ್ಗಿಸಿದ ಕೋಲಿನಿಂದ ಒಳಗಿನ ಚಿಲಕ ತೆಗೆಯುವುದು ಹಳೆಯ ವಿದ್ಯೆ. ಹಾಗಾಗಿ ಎರಡೂ ಕಡೆ ಕೀ ಇರುವುದೇ ಭದ್ರ ಅಂತ ಅಂಗಡಿಯಲ್ಲಿ ಹೇಳಿದರು. ನಾವು ಒಪ್ಪಲಿಲ್ಲ. ರಾತ್ರಿ ಗ್ಯಾಸ್ ಸೋರಿದರೆ, ಬೆಂಕಿ ಬಿದ್ದರೆ, ಅತ್ತೆ ಕತ್ತಲಲ್ಲಿ ಕೀ ಹುಡುಕಬೇಕಾ? ನಾಬ್ ಇರುವುದನ್ನೇ ತಂದೆವು. ಕಿಟಕಿಗೆ ಒಳಗಿನಿಂದ ಬೆರಳೂ ತೂರದ ಗಟ್ಟಿ ಕಬ್ಬಿಣದ ಜಾಲರಿ ಬಡಿಸಿದೆವು. ಅದಕ್ಕೆ ಆದ ಖರ್ಚು ಬೇರೆ, ಆದರೆ ಆ ಖರ್ಚು ಮಾಡದೆ ಈ ಬೀಗ ಹಾಕಿಸಿ ಪ್ರಯೋಜನ ಇಲ್ಲ.

ಕೀ ಚಪ್ಪಟೆಯಾಗಿದೆ, ಮೈಮೇಲೆ ಸಣ್ಣ ಸಣ್ಣ ಕುಳಿಗಳಿವೆ. ಹಳೆಯ ಹಲ್ಲಿನ ಕೀ ಥರ ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಅರ (ಫೈಲು) ಹಿಡಿದು ಕೂತವರ ಹತ್ತಿರ ನಿಮಿಷದಲ್ಲಿ ನಕಲು ಮಾಡಿಸುವ ಹಾಗಿಲ್ಲ. ಕೀ ಇರುವ ಪೊಟ್ಟಣ ಒಡೆಯದೆ ಇದೆಯಾ ಅಂತ ನೋಡಿ ತಗೊಳ್ಳಿ. ಒಂದು ಕೀ ನನ್ನ ಹತ್ತಿರ, ಒಂದು ನಮ್ಮನೆಯವರ ಹತ್ತಿರ, ಇನ್ನೊಂದು ಇದೇ ಊರಿನಲ್ಲಿರುವ ನನ್ನ ತಮ್ಮನ ಮನೆಯಲ್ಲಿ. ಚಪ್ಪಲಿ ಸ್ಟ್ಯಾಂಡು, ತುಳಸಿ ಕಟ್ಟೆ, ಮೀಟರ್ ಬಾಕ್ಸ್ ಇವುಗಳಲ್ಲಿ ಕೀ ಇಡುವ ಅಭ್ಯಾಸ ದಯವಿಟ್ಟು ಬಿಡಿ. ಕಳ್ಳರು ಮೊದಲು ಕೈ ಹಾಕುವುದೇ ಅಲ್ಲಿ.

ಈಗ ಮಳೆಯ ವಿಷಯ. ಆಷಾಢದ ಹೊತ್ತಿಗೆ ಬಾಗಿಲು ನೀರು ಕುಡಿದು ಉಬ್ಬಿತು. ಕೀ ತಿರುಗಿಸುವಾಗ ಬೋಲ್ಟ್ ಅಂಚಿಗೆ ತಾಗಿ ಕಿರ್ ಅನ್ನತೊಡಗಿತು. ಒಬ್ಬರು ಬಾಗಿಲು ಒತ್ತಿ ಹಿಡಿದರೆ ಮಾತ್ರ ಪೂರ್ತಿ ತಿರುಗುತ್ತಿತ್ತು. ಇದು ಬೀಗದ ತಪ್ಪಲ್ಲ, ಮರದ ಗುಣ. ಹಳೆಯ ಕೊಂಡಿಗೆ ಇಷ್ಟು ಸೂಕ್ಷ್ಮ ಇರಲಿಲ್ಲ ಅನ್ನುವುದೂ ನಿಜ. ಆಚಾರ್ರು ಬಂದು ಬಾಗಿಲಿನ ಅಂಚಿಗೆ ಕೀಸುಳಿ ಹಾಕಿ, ಕೀಸಿದ ಜಾಗಕ್ಕೆ ವಾರ್ನಿಷ್ ಬಳಿದು ಹೋದರು. ಆಮೇಲೆ ಸರಿಯಾಯಿತು. ಮಲೆನಾಡು, ಕರಾವಳಿಯವರು ಇದನ್ನು ಲೆಕ್ಕಕ್ಕೆ ಹಿಡಿದೇ ಬೀಗ ಕೊಳ್ಳಿ. ಬಲವಂತವಾಗಿ ತಿರುಗಿಸಿದರೆ ಕೀ ಒಳಗೇ ಮುರಿಯುತ್ತದೆ. ಇನ್ನೊಂದು, ಕೀ ಹಾಕುವ ಸೀಳಿಗೆ ಕೊಬ್ಬರಿ ಎಣ್ಣೆ ಬಿಡಬೇಡಿ. ಧೂಳು ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಪೆನ್ಸಿಲ್ ಕಡ್ಡಿಯ ಪುಡಿಯನ್ನು ಕೀಗೆ ಸವರಿ ನಾಲ್ಕಾರು ಸಲ ಆಡಿಸಿದರೆ ಸಾಕು.

ಬೆರಳು ಒತ್ತಿ ತೆರೆಯುವ ಡಿಜಿಟಲ್ ಲಾಕ್ ಯಾಕೆ ಬೇಡ ಅಂತ ಮಗ ಬೆಂಗಳೂರಿನಿಂದ ಬಹಳ ಕೇಳಿದ. ಅತ್ತೆಯ ಬೆರಳಿನ ಗೆರೆ ಸವೆದು ಆಧಾರ್ ಮಷೀನಿಗೇ ಸಿಗುವುದಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು. ಅವನು ತಂದುಕೊಟ್ಟ ವೈಫೈ ಕ್ಯಾಮೆರಾ ಮಾತ್ರ ಇಟ್ಟುಕೊಂಡಿದ್ದೇವೆ. ಕರೆಂಟ್ ಹೋದರೆ ರೌಟರ್ ಆಫ್, ರೌಟರ್ ಆಫ್ ಆದರೆ ಮಗನ ಫೋನಿಗೆ ಏನೂ ಬರುವುದಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತೇ ಇದೆಯಲ್ಲ. ರೌಟರ್‌ಗೆ ಅಂತಲೇ ಬರುವ ಪುಟ್ಟ ಯುಪಿಎಸ್ ಹಾಕಿದ ಮೇಲೆ ಕ್ಯಾಮೆರಾ ಕೆಲಸಕ್ಕೆ ಬಂತು. ಕ್ಯಾಮೆರಾ ಯಾರು ಬಂದರು ಅಂತ ತೋರಿಸುತ್ತದೆ, ಒಳಗೆ ಬರುವವನನ್ನು ತಡೆಯುವುದು ಬೋಲ್ಟೇ.

ನಾವು ಮನೆಯಲ್ಲಿ ಇರುವಾಗಿನ ಭಯವೂ ಕಡಿಮೆ ಇಲ್ಲ. ಹಗಲು ಹನ್ನೊಂದರಿಂದ ಮೂರರವರೆಗೆ ಬೀದಿ ಖಾಲಿ, ಮನೆಯಲ್ಲಿ ವಯಸ್ಸಾದ ಹೆಂಗಸರು. ಆಗಲೇ ಬರುವುದು ಚಿನ್ನ ಪಾಲಿಶ್ ಮಾಡಿಕೊಡುತ್ತೇವೆ ಅನ್ನುವವರು, ಕುಡಿಯಲು ನೀರು ಕೇಳುವವರು, ಗ್ಯಾಸ್ ಪೈಪ್ ಚೆಕ್ ಮಾಡಬೇಕು ಅನ್ನುವವರು. ಬಾಗಿಲು ತೆರೆದ ಮೇಲೆ ಮೂರಲ್ಲ, ಮೂವತ್ತು ಬೋಲ್ಟ್ ಇದ್ದರೂ ಅಷ್ಟೇ. ಅದಕ್ಕೆ ಜಗುಲಿಗೆ ಕಬ್ಬಿಣದ ಗ್ರಿಲ್ ಗೇಟು ಮಾಡಿಸಿದ್ದೇವೆ, ಹಗಲೂ ಒಳಗಿನಿಂದ ಬೀಗ. ಅತ್ತೆ ಗ್ರಿಲ್ ಒಳಗೇ ನಿಂತು ಮಾತಾಡುತ್ತಾರೆ. ನೀರು ಕೇಳಿದರೆ ಬಾಟಲಿಯನ್ನು ಸರಳಿನ ಸಂದಿಯಿಂದಲೇ ಕೊಡುತ್ತಾರೆ. ಬಾಯಾರಿದವರಿಗೆ ಇಲ್ಲ ಅನ್ನಬಾರದು ಅನ್ನುವುದು ಅವರ ನಿಯಮ. ಅದನ್ನು ಬಿಡಿಸುವ ಮನಸ್ಸು ನಮಗೂ ಇಲ್ಲ. ತುರ್ತು ಸಹಾಯದ 112 ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಮೇಲಿನ ಗೋಡೆಗೆ ಅಂಟಿಸಿದ್ದೇವೆ.

ಊರಿಗೆ ಹೋಗುವಾಗ ಠಾಣೆಗೆ ಒಂದು ಮಾತು ಹೇಳಿ ಹೋಗುತ್ತೇವೆ. ಬೀಟ್ ಪೊಲೀಸರು ಆ ಕಡೆ ಬಂದಾಗ ಕಣ್ಣು ಹಾಯಿಸುತ್ತಾರೆ. ಹಾಲು, ಪೇಪರ್ ನಿಲ್ಲಿಸುತ್ತೇವೆ. ಮನೆ ಕೆಲಸಕ್ಕೆ ಬರುವ ಹುಡುಗಿ ನಾವಿಲ್ಲದಾಗಲೂ ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಇಟ್ಟು ಹೋಗುತ್ತಾಳೆ, ಅದಕ್ಕೆ ಬೇರೆ ದುಡ್ಡು ಕೊಡುತ್ತೇವೆ. ನಮ್ಮ ಬೀದಿಯಲ್ಲಿ ಎಲ್ಲರ ಬಾಗಿಲಿಗೂ ರಂಗೋಲಿ ಇರುವಾಗ ಒಂದೇ ಮನೆಯ ಅಂಗಳ ಒಣಗಿದ್ದರೆ ಯಾರಿಗಾದರೂ ತಿಳಿಯುತ್ತದೆ. ಚಿನ್ನವಂತೂ ಮನೆಯಲ್ಲಿ ಇಡುವುದಿಲ್ಲ, ಬ್ಯಾಂಕ್ ಲಾಕರ್‌ನಲ್ಲಿದೆ. 2022ರ ಜನವರಿ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಲ್ಲಿ, ಬ್ಯಾಂಕಿನಲ್ಲಿ ಕಳವಾದರೆ ಅಥವಾ ಸಿಬ್ಬಂದಿಯೇ ಮೋಸ ಮಾಡಿದರೆ ಲಾಕರಿನ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಬ್ಯಾಂಕ್ ಹೊಣೆ. ಬಾಡಿಗೆ 2,000 ರೂಪಾಯಿ ಆದರೆ 2 ಲಕ್ಷ. ಇವತ್ತಿನ ಚಿನ್ನದ ರೇಟಿಗೆ ಅದು ದೊಡ್ಡ ಮೊತ್ತ ಏನಲ್ಲ, ಆದರೆ ಬೀರುವಿನಲ್ಲಿ ಸೀರೆ ನಡುವೆ ಇಡುವುದಕ್ಕಿಂತ ಎಷ್ಟೋ ಮೇಲು.

ಹಿತ್ತಲ ಬಾಗಿಲಿಗೂ ಇದೇ ಬೀಗ ಹಾಕಿಸುವವರಿದ್ದೇವೆ. ಆಚಾರ್ರು ಅಲ್ಲಿಯೂ ಬೆರಳಿನಿಂದ ತಟ್ಟಿ ನೋಡಿದರು. ಕೆಳಗಿನ ಒಂದು ಅಡಿ ಟೊಳ್ಳು, ಗೆದ್ದಲು ಹಿಡಿದಿದೆ. ಮೊದಲು ಚೌಕಟ್ಟು ಬದಲಾಗಬೇಕು, ಬೀಗ ಆಮೇಲೆ. ಮರ ಒಣಗಲು ಬಿಸಿಲು ಬೇಕಂತೆ, ಸಂಕ್ರಾಂತಿ ಕಳೆಯಲಿ ಅಂದಿದ್ದಾರೆ. ಅಲ್ಲಿಯವರೆಗೆ ಒಳಗಿನಿಂದ ಅಡ್ಡಕ್ಕೆ ಕಬ್ಬಿಣದ ಪಟ್ಟಿ ಕೊಟ್ಟಿದ್ದೇವೆ.