ಒಂದೇ ತುಣುಕು, ಮತ್ತೆ ಮತ್ತೆ: ಮೂರು ಆಲ್ಬಂ, ಮೂರು ವಾರ

ಕಳೆದ ಮೂರು ವಾರ ಮೂರೇ ಆಲ್ಬಂ ಕೇಳಿದೆ. ವಾರಕ್ಕೊಂದು. ರಾತ್ರಿ ಊಟ ಆದ ಮೇಲೆ, ಅದೇ ಹೆಡ್‌ಫೋನಿನಲ್ಲಿ. ಎಲೆಕ್ಟ್ರಾನಿಕ್‌ನಲ್ಲಿ ಚರಣ್‌ಜಿತ್ ಸಿಂಗ್ ಅವರ ‘ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’. ರ‍್ಯಾಪ್‌ನಲ್ಲಿ ‘ಮ್ಯಾಡ್‌ವಿಲನಿ’. ಪ್ರಯೋಗದ ಸಂಗೀತದಲ್ಲಿ ವಿಲಿಯಂ ಬಸಿನ್‌ಸ್ಕಿ ಅವರ ‘ದಿ ಡಿಸ್‌ಇಂಟಿಗ್ರೇಶನ್ ಲೂಪ್ಸ್’. ಇವನ್ನೇ ಪಕ್ಕಪಕ್ಕ ಇಡೋಕೆ ಕಾರಣ ಇದೆ. ಮೂರರ ಬಂಡವಾಳವೂ ಲೂಪ್. ಅಂದರೆ ಚಿಕ್ಕದೊಂದು ತುಣುಕನ್ನು ತಿರುತಿರುಗಿ ನುಡಿಸುವುದು. ಆದರೆ ತಿರುಗುತ್ತಾ ಹೋದಂತೆ ಆ ತುಣುಕಿಗೆ ಏನಾಗುತ್ತದೆ ಅನ್ನುವುದರಲ್ಲಿ ಮೂರೂ ಬೇರೆ ದಾರಿ ಹಿಡಿಯುತ್ತವೆ.

ಚರಣ್‌ಜಿತ್ ಸಿಂಗ್ ಮುಂಬೈಯಲ್ಲಿ ಹಿಂದಿ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದವರು. ಅವರ ಹತ್ತಿರ ರೋಲ್ಯಾಂಡ್ ಕಂಪನಿಯ ಮೂರು ಯಂತ್ರ ಇದ್ದವು: ತಾಳಕ್ಕೆ ಟಿಆರ್-808, ಬೇಸ್ ಅಂದರೆ ತಗ್ಗಿನ ಸ್ವರಗಳಿಗೆ ಟಿಬಿ-303, ರಾಗಕ್ಕೆ ಜುಪಿಟರ್-8. 1982ರಲ್ಲಿ ಇವನ್ನೇ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ತಾಳದ ಮೇಲೆ ಕೂರಿಸಿದರು. ಆಗ ಅದು ಅಷ್ಟಾಗಿ ಮಾರಾಟ ಆಗಲಿಲ್ಲ. 1987ರಲ್ಲಿ ಶಿಕಾಗೊದ ಫ್ಯೂಚರ್ ತಂಡ ಅದೇ 303ಯ ಗುಂಡಿಗಳನ್ನು ತಿರುಗಿಸಿ ಒಂದು ರೆಕಾರ್ಡ್ ಮಾಡಿತು, ಆಸಿಡ್ ಹೌಸ್ ಅನ್ನುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಅಲ್ಲಿಂದ ಶುರು ಅಂತ ಎಲ್ಲರೂ ನಂಬಿದ್ದರು. 2010ರಲ್ಲಿ ಸಿಂಗ್ ಅವರ ಆಲ್ಬಂ ಮತ್ತೆ ಹೊರಬಂದಾಗ ಅದೇ ಬಗೆಯ ದನಿ ಐದು ವರ್ಷ ಮೊದಲೇ ಇತ್ತಲ್ಲ ಅಂತ ಕೇಳಿದವರು ದಂಗಾದರು.

ಅದರ ಮೊದಲ ರಾಗ ಭೈರವ್. ನಮ್ಮ ಮಾಯಾಮಾಳವಗೌಳದ ಸ್ವರಗಳೇ. ಚಿಕ್ಕಂದಿನಲ್ಲಿ ಸರಳೆ ವರಸೆ ಹೇಳಿದವರಿಗೆ ಈ ಸ್ವರಗಳು ನಾಲಿಗೆ ಮೇಲೇ ಇರುತ್ತವೆ. ನಾನು ಹೆಡ್‌ಫೋನ್ ಕಿತ್ತು ಸ್ಪೀಕರಿಗೆ ಹಾಕಿದೆ. ಅಮ್ಮ ಮಾರನೇ ದಿನಕ್ಕೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಸ್ವಲ್ಪ ಹೊತ್ತು ಸುಮ್ನೆ ಕೇಳಿದಳು. “ಮಾಯಾಮಾಳವಗೌಳ ಅಲ್ವಾ? ಇದಕ್ಕೇನು ಇಷ್ಟು ಅವಸರ?” ಅಂದಳು.

ಆ ಮಾತು ವಾರವಿಡೀ ನನ್ನ ಜೊತೆಗಿತ್ತು. 303ರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಇದೆ. ಜಾರು ಗಮಕ ಕೇಳಿ ಬೆಳೆದ ಕಿವಿಗೆ ಅದು ತಕ್ಷಣ ಹತ್ತಿರ ಆಗುತ್ತದೆ. ಅಲ್ಲಿ ಈ ಆಲ್ಬಂ ಗೆಲ್ಲುತ್ತದೆ. ಆದರೆ ಲಲಿತ್ ಬೆಳಗಿನ ಜಾವದ್ದು, ಮಾಲ್ಕೌಂಸ್ ನಡುರಾತ್ರಿಯದು. ಇಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ನಡೆ. ನಾಲ್ಕು ರಾಗ ಕೇಳುವಾಗ ಇರುವ ಖುಷಿ ಎಂಟನೆಯದಕ್ಕೆ ಇರಲ್ಲ. ಲೂಪ್ ಸುತ್ತುತ್ತದೆ, ಎಲ್ಲೂ ಸಡಿಲ ಆಗಲ್ಲ.

‘ಮ್ಯಾಡ್‌ವಿಲನಿ’ಗೆ ಈ ತೊಂದರೆ ಇಲ್ಲ. 2004ರ ಆಲ್ಬಂ. ಬೀಟ್ ಮಾಡಿದವರು ಮ್ಯಾಡ್‌ಲಿಬ್, ರ‍್ಯಾಪ್ ಮಾಡಿದವರು ಲೋಹದ ಮುಖವಾಡ ಹಾಕುತ್ತಿದ್ದ ಎಂಎಫ್ ಡೂಮ್. 46 ನಿಮಿಷದಲ್ಲಿ 22 ಟ್ರ್ಯಾಕ್. ಹೆಚ್ಚಿನವು ಮೂರು ನಿಮಿಷವೂ ದಾಟಲ್ಲ. ಪಲ್ಲವಿ ಅನ್ನುವುದು ಹುಡುಕಿದರೂ ಸಿಗುವುದು ಕಷ್ಟ. ‘ಅಕಾರ್ಡಿಯನ್’ ಕೇಳಿ. ಅಕಾರ್ಡಿಯನ್‌ನ ಒಂದು ಎಳೆ ಉಸಿರಾಡಿದ ಹಾಗೆ ಬಂದು ಹೋಗುತ್ತಿರುತ್ತದೆ. ಅದರ ಮೇಲೆ ಡೂಮ್ ನಿದ್ದೆಗಣ್ಣಿನ ದನಿಯಲ್ಲಿ ಮಾತು ಪೋಣಿಸುತ್ತಾರೆ. ಇನ್ನೊಂದು ಸುತ್ತು ಬೇಕಿತ್ತು ಅನ್ನಿಸುವಷ್ಟರಲ್ಲಿ ಮುಗಿದಿರುತ್ತದೆ.

ಈ ಆಲ್ಬಮ್ಮಿನ ಅರ್ಧಂಬರ್ಧ ಕೆಲಸ ಬಿಡುಗಡೆಗೆ ಒಂದು ವರ್ಷಕ್ಕೂ ಮುಂಚೆ ಇಂಟರ್ನೆಟ್‌ನಲ್ಲಿ ಸೋರಿಹೋಗಿತ್ತು. ಬೇಸರಪಟ್ಟು ಇಬ್ಬರೂ ಸ್ವಲ್ಪ ಕಾಲ ಅದನ್ನು ಪಕ್ಕಕ್ಕಿಟ್ಟರು. ಆಮೇಲೆ ಡೂಮ್ ತಮ್ಮ ಭಾಗವನ್ನು ಇನ್ನೂ ತಗ್ಗಿದ, ಒರಟು ದನಿಯಲ್ಲಿ ಮತ್ತೆ ಹೇಳಿದರು. ನನಗೆ ಈ ಆಲ್ಬಂ ಹಿಡಿಸಿದ್ದೇ ಆ ದನಿಯಿಂದ.

ಮೊದಲ ಎರಡು ರಾತ್ರಿ ಅರ್ಧ ಮಾತು ತಲೆಗೆ ಹೋಗಲಿಲ್ಲ. ಮೂರನೇ ರಾತ್ರಿ ಸಾಹಿತ್ಯ ಎದುರಿಗಿಟ್ಟುಕೊಂಡು ಪ್ರಾಸ ಬರುವಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಕೇಳಿದೆ. ಹಾಳೆ ತುಂಬಿಹೋಯಿತು. ಸಾಲಿನ ಕೊನೆಗೆ ಒಂದು ಪ್ರಾಸ ಇಟ್ಟು ಕೈತೊಳೆದುಕೊಳ್ಳುವವರಲ್ಲ ಡೂಮ್. ಮೂರು ನಾಲ್ಕು ಅಕ್ಷರದ ಗುಂಪನ್ನೇ ಹಿಡಿದು ಸಾಲಿನ ನಡುನಡುವೆ ಆಡಿಸುತ್ತಾರೆ. ನಮ್ಮ ಹಳೆಯ ಕಾವ್ಯದಲ್ಲಿ ಎರಡನೇ ಅಕ್ಷರಕ್ಕೆ ಪ್ರಾಸ ಹಿಡಿಯುತ್ತಿದ್ದರಲ್ಲ, ಅದನ್ನು ಗಟ್ಟಿಯಾಗಿ ಓದಿ ರೂಢಿ ಇದ್ದವರಿಗೆ ಇದರ ಸುಖ ಬೇಗ ಗೊತ್ತಾಗುತ್ತದೆ. ಇಲ್ಲಿ ಬೀಟ್ ಸುತ್ತುತ್ತಿರುತ್ತದೆ, ಮಾತು ಮಾತ್ರ ಬಂದ ದಾರಿಗೆ ಮತ್ತೆ ಬರಲ್ಲ.

ಇನ್ನು ಬಸಿನ್‌ಸ್ಕಿ. 2001ರ ಬೇಸಿಗೆಯಲ್ಲಿ ಅವರು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಕೂತು, ಸುಮಾರು ಇಪ್ಪತ್ತು ವರ್ಷದ ಹಿಂದೆ ಮಾಡಿಟ್ಟ ಟೇಪುಗಳನ್ನು ಡಿಜಿಟಲ್‌ಗೆ ಇಳಿಸುತ್ತಿದ್ದರು. ಟೇಪ್ ತಿರುಗುತ್ತಿದ್ದ ಹಾಗೆ ಅದರ ಮೇಲೆ ದನಿಯನ್ನು ಹಿಡಿದಿಡುವ ಐರನ್ ಆಕ್ಸೈಡ್ ಪುಡಿ ಉದುರತೊಡಗಿತು. ಅವರು ನಿಲ್ಲಿಸಲಿಲ್ಲ. ಉದುರುವುದನ್ನೇ ರೆಕಾರ್ಡ್ ಮಾಡಿಕೊಂಡರು. ಆ ಕೆಲಸದ ಬೆನ್ನಿಗೇ ನ್ಯೂಯಾರ್ಕಿನ ಅವಳಿ ಗೋಪುರಗಳ ಮೇಲೆ ದಾಳಿ ನಡೆದ ಸೆಪ್ಟೆಂಬರ್ 11 ಬಂತು. ಅವರು ಮನೆಯ ತಾರಸಿಯಿಂದ ಹೊಗೆ ನೋಡಿದರು, ಸಂಜೆಯ ಕೊನೆಯ ಬೆಳಕನ್ನು ಚಿತ್ರೀಕರಿಸಿದರು. ಆಲ್ಬಮ್ಮನ್ನು ಅವತ್ತು ಸತ್ತವರಿಗೆ ಅರ್ಪಿಸಿದರು.

ಮೊದಲ ಟ್ರ್ಯಾಕೇ ಒಂದು ಗಂಟೆಗೂ ಜಾಸ್ತಿ. ಕಹಳೆಯಂಥ ಒಂದು ಮೆತ್ತನೆ ದನಿ, ಕೆಲವೇ ಸೆಕೆಂಡಿನದು, ಅದೇ ಮತ್ತೆ ಮತ್ತೆ. ಹತ್ತು ನಿಮಿಷ ಕೇಳಿದರೂ ಏನೂ ಬದಲಾಗಿಲ್ಲ ಅನ್ನಿಸುತ್ತದೆ. ಆಮೇಲೆ ಅಲ್ಲೊಂದು ಇಲ್ಲೊಂದು ತೂತು. ಕೊನೆಗೆ ಬರುವಷ್ಟರಲ್ಲಿ ಸ್ವರಕ್ಕಿಂತ ತೂತೇ ಜಾಸ್ತಿ.

ನನಗೆ ನಮ್ಮ ಮನೆಯ ಟೇಪ್ ರೆಕಾರ್ಡರ್ ನೆನಪಾಯಿತು. ಅಪ್ಪ ಹತ್ತಿಗೆ ಸ್ಪಿರಿಟ್ ಅದ್ದಿ ಅದರ ಹೆಡ್ ಒರೆಸುತ್ತಿದ್ದರು. ಹತ್ತಿಗೆ ಕಂದು ಪುಡಿ ಅಂಟಿಕೊಂಡು ಬರುತ್ತಿತ್ತು. ಕೊಳೆ ಅಂದುಕೊಂಡಿದ್ದೆ. ಅದು ಹಾಡೇ ಉದುರಿದ ಪುಡಿ ಅಂತ ಈ ವಾರ ಅರ್ಥವಾಯಿತು. ಅಪ್ಪ ದಿನಾ ಬೆಳಿಗ್ಗೆ ಹಾಕುತ್ತಿದ್ದ ದಾಸರ ಪದಗಳ ಕ್ಯಾಸೆಟ್ಟಿನಲ್ಲಿ ಒಂದು ಕಡೆ ತಂಬೂರಿ ಮಂಕಾಗಿ ಮತ್ತೆ ಏಳುತ್ತಿತ್ತು. ಈಗಲೂ ಆ ಪದ ಎಲ್ಲಿ ಕೇಳಿದರೂ ಆ ಜಾಗದಲ್ಲಿ ನನ್ನ ಕಿವಿ ಕಾಯುತ್ತದೆ.

ಯಾವುದು ಮೇಲು ಅಂತ ಕೇಳಿದರೆ ನನ್ನ ಆಯ್ಕೆ ಬಸಿನ್‌ಸ್ಕಿಯೇ. ಆ ಗಂಟೆಯಲ್ಲಿ ನನಗೆ ಆಗಿದ್ದು ಉಳಿದೆರಡರಲ್ಲಿ ಆಗಲಿಲ್ಲ. ಆದರೆ ವಾರದಲ್ಲಿ ಅದನ್ನು ಪೂರ್ತಿ ಕೇಳಲು ಆಗಿದ್ದು ಎರಡೇ ಸಲ. ಬೆಳಿಗ್ಗೆ ಬಸ್ಸಿನಲ್ಲಿ ಕೈ ತಾನಾಗೇ ಹೋಗುವುದು ‘ಮ್ಯಾಡ್‌ವಿಲನಿ’ಗೆ. ಇಂಥ ಸಂಗೀತ ಯಾವತ್ತೂ ಕೇಳಿಲ್ಲ ಅನ್ನುವವರು ಸಿಂಗ್ ಅವರಿಂದ ಶುರು ಮಾಡಿ. ನಿಮಗೆ ಗೊತ್ತಿರುವ ರಾಗವನ್ನೇ ಮೊದಲು ಹಾಕಿ: ಮೋಹನ ಇಷ್ಟ ಇದ್ದರೆ ಭೂಪಾಲಿ, ಹಿಂದೋಳ ಇಷ್ಟ ಇದ್ದರೆ ಮಾಲ್ಕೌಂಸ್. ಒಂದು ಸಲಕ್ಕೆ ಮೂರು ರಾಗ ಸಾಕು.