ಮಳೆ ನೀರನ್ನು ಬೋರ್‌ಗೆ ಇಂಗಿಸುವುದಾ, ಬಾವಿಗೆ ಬಿಡುವುದಾ? ನಮ್ಮ ಶಿವಮೊಗ್ಗ ಮನೆಯಲ್ಲಿ ಕಂಡಿದ್ದು

ತುಂಗೆ ಹರಿಯುವ ಊರಲ್ಲಿ ಅಂತರ್ಜಲದ ಚಿಂತೆ ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ನಲ್ಲಿಗೆ ಬರುವುದು ಹೊಳೆ ನೀರು, ನಿಜ. ಆದರೆ ಊರು ಬೆಳೆದಿರುವ ಸವಳಂಗ ರಸ್ತೆಯ ಕಡೆ ಹೊಸ ಬಡಾವಣೆಗಳಿಗೆ ಬಂದು ನೋಡಿ, ಎಲ್ಲಿ ನೋಡಿದರೂ ಬೋರ್. ನಮ್ಮ ಬೀದಿ ಇರುವ ಜಾಗದಲ್ಲಿ ಮೊದಲು ಗದ್ದೆ ಇತ್ತು, ಅಲ್ಲಿ ತಿಂಗಳುಗಟ್ಟಲೆ ನಿಂತ ನೀರು ನಿಧಾನಕ್ಕೆ ಕೆಳಗಿಳಿಯುತ್ತಿತ್ತು. ಈಗ ಅದೇ ಮಳೆ ಸಿಮೆಂಟ್ ಅಂಗಳದಿಂದ ಚರಂಡಿಗೆ, ಚರಂಡಿಯಿಂದ ಹೊಳೆಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಪಂಪು ಗಾಳಿ ಎಳೆಯುತ್ತದೆ.

ನಮ್ಮ ಸೈಟಿನಲ್ಲಿ ಬೋರ್ ಜೊತೆಗೆ ಗದ್ದೆ ಕಾಲದ ತೆರೆದ ಬಾವಿಯೂ ಉಳಿದಿದೆ. ಹಾಗಾಗಿ ಮಳೆ ನೀರನ್ನು ನೆಲಕ್ಕೆ ಇಳಿಸುವ ಮೂರು ದಾರಿಗಳನ್ನೂ ಮಾಡಿ ನೋಡಿದೆವು: ಇಂಗುಗುಂಡಿ, ಬೋರ್ ಮರುಪೂರಣ, ಬಾವಿ.

ಅಂಗಳದ ಇಂಗುಗುಂಡಿ ಸುಲಭ, ಖರ್ಚು ಕಡಿಮೆ. ಗುಂಡಿ ತೋಡಿ ಜಲ್ಲಿ ತುಂಬಿದರೆ ಮುಗೀತು. ಆದರೆ ಪುನರ್ವಸು ಮಳೆಯಲ್ಲಿ ನೆಲವೇ ನೆನೆದು ತುಂಬಿರುತ್ತದೆ, ಗುಂಡಿ ಉಕ್ಕಿ ರಸ್ತೆಗೆ ಹರಿಯುತ್ತದೆ. ಗಿಡಗಳಿಗೆ ಒಳ್ಳೆಯದು. ಬೋರ್‌ಗೆ ಅದರಿಂದ ಏನೂ ಗೊತ್ತಾಗಲಿಲ್ಲ.

ಬೋರ್ ಮರುಪೂರಣಕ್ಕೆ, ಅಂದರೆ ಮಳೆ ನೀರನ್ನು ಬೋರ್‌ಗೇ ಇಳಿಸಲು, ಕೇಸಿಂಗ್ (ಬೋರ್‌ನ ಹೊರ ಪೈಪು) ಸುತ್ತ ಅಗೆದು, ಆ ಪೈಪಿಗೆ ತೂತು ಕೊರೆದು, ಮೆಷ್ ಸುತ್ತಿ, ದಪ್ಪ ಕಲ್ಲು, ಜಲ್ಲಿ, ಮರಳು ಅಂತ ಪದರ ಹಾಕಬೇಕು. ಹೊಲದಲ್ಲಿ 10 ಅಡಿ ಆಳ ತೋಡುತ್ತಾರೆ. 30x40 ಅಡಿ ಸೈಟಿನಲ್ಲಿ, ಪಾಯದ ಪಕ್ಕ, ಅಷ್ಟು ತೋಡಲು ಆಗುವುದಿಲ್ಲ, ನಾವು ಅರ್ಧಕ್ಕೆ ಇಳಿಸಿದೆವು. ನೀರು ಹೆಚ್ಚು ದಿನ ಬಂತು, ಅದು ಸುಳ್ಳಲ್ಲ. ಆದರೆ ಕೆಳಗಿರುವುದು ಗಟ್ಟಿ ಬಂಡೆ, ನೀರು ಇಳಿಯುವುದು ಅದರ ಬಿರುಕುಗಳಲ್ಲಿ ಮಾತ್ರ, ಆ ಬಿರುಕಿಗೆ ಕೆಸರು ಸೇರಿದರೆ ಮತ್ತೆ ತೊಳೆಯುವುದು ತುಂಬಾ ಕಷ್ಟ ಅನ್ನುವ ಭಯ ಸದಾ ಇರುತ್ತದೆ. ಹಾಗಾಗಿ ಪ್ರತಿ ಮಳೆಗಾಲಕ್ಕೆ ಮೊದಲು ಮೇಲಿನ ಮರಳು ತೆಗೆದು ತೊಳೆಯಲೇಬೇಕು. ಅಂಗಳದ ನೀರನ್ನಂತೂ ಬೋರ್‌ಗೆ ಬಿಡಲೇಬೇಡಿ, ಚಾವಣಿ ನೀರು ಮಾತ್ರ.

ನನ್ನ ಮಟ್ಟಿಗೆ ಗೆದ್ದಿದ್ದು ಬಾವಿ. 1000 ಚದರ ಅಡಿ ಚಾವಣಿ ಮೇಲೆ 1 ಸೆಂ.ಮೀ. ಮಳೆ ಬಿದ್ದರೆ ಹೆಚ್ಚುಕಡಿಮೆ 900 ಲೀಟರ್ ಆಗುತ್ತದೆ. ವರ್ಷಕ್ಕೆ 800 ಮಿ.ಮೀ. ಅಂದುಕೊಂಡರೂ 70 ಸಾವಿರ ಲೀಟರ್ ದಾಟಿತು! ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಫಿಲ್ಟರ್ ಮೂಲಕ ಬಾವಿಗೆ ಇಳಿಸಿದೆವು. ಬಾವಿಯ ದೊಡ್ಡ ಅನುಕೂಲ ಅಂದರೆ ಎಲ್ಲ ಕಣ್ಣಿಗೆ ಕಾಣುತ್ತದೆ. ಮಟ್ಟ ಎಷ್ಟು ಏರಿತು, ಹೂಳು ಎಷ್ಟು ಕೂತಿತು, ಎಲ್ಲಾ. ಹೂಳಾದರೆ ಇಳಿದು ತೆಗೆಸಬಹುದು, ಬೋರ್‌ನಲ್ಲಿ ಹೀಗೆ ಇಳಿಯುವುದು ಆಗುವ ಮಾತೇ ಅಲ್ಲ.

ಒಂದು ತೊಡಕೂ ಇದೆ. ನಮ್ಮ ಜಂಬಿಟ್ಟಿಗೆ ನೆಲ ಇಳಿಜಾರಿನದು, ಆಷಾಢದಲ್ಲಿ ತುಂಬಿದ ನೀರು ಅಲ್ಲೇ ನಿಲ್ಲುವುದಿಲ್ಲ, ಪಕ್ಕಕ್ಕೆ ಸರಿಯುತ್ತಾ ಹಳ್ಳದ ಕಡೆ ಹೋಗುತ್ತದೆ. ಬೇಸಿಗೆಗೆ ಜಾಸ್ತಿ ಕೈಹಿಡಿದಿದ್ದು ಹಸ್ತ, ಚಿತ್ತಾ ಮಳೆಯ ನೀರು. ಆಗ ಪೈಪು ಕಟ್ಟಿಕೊಂಡಿರಬಾರದು. ಆದರೆ ಹೀಗೆ ಸರಿದ ನೀರು ವ್ಯರ್ಥವೂ ಅಲ್ಲ. ಕೆಳಗಿನ ಸಾಲಿನ ಅಕ್ಕ, "ಈ ಸಲ ನಮ್ಮ ಬಾವಿ ಬೇಗ ಇಳೀಲಿಲ್ಲ ಮಾರಾಯ" ಅಂದಾಗ ನನಗೆ ನಿಜಕ್ಕೂ ಖುಷಿಯಾಯಿತು. ಬೋರ್ ಇನ್ನೂ ಆಳಕ್ಕೆ ಕೊರೆಸಿದ್ದರೆ ಪಕ್ಕದವರ ಬೋರ್ ಸೊರಗುತ್ತಿತ್ತು, ಅಲ್ವಾ?

ಹಾಗಾಗಿ ಸೈಟಿನಲ್ಲಿ ಹಳೇ ಬಾವಿ ಇದ್ದರೆ ದಯವಿಟ್ಟು ಮಣ್ಣು ಹಾಕಿ ಮುಚ್ಚಬೇಡಿ. ಶೌಚದ ಗುಂಡಿಯಿಂದ ಅದು 50 ಅಡಿಯಾದರೂ ದೂರ ಇದೆಯಾ ನೋಡಿ, ಕುಡಿಯಲು ಬಳಸುವುದಾದರೆ ನೀರು ಪರೀಕ್ಷೆ ಮಾಡಿಸಿ. ಬಾವಿ ಇಲ್ಲದವರಿಗೆ ಬೋರ್ ಮರುಪೂರಣವೇ ಸರಿ. ಯಾವುದಾದರೂ ಸರಿ, ಕೆಲಸ ಮೇ ತಿಂಗಳಲ್ಲೇ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ಅಗೆದ ಗುಂಡಿ ಕುಸಿಯುತ್ತದೆ, ಕೆಲಸದವರೂ ನಾಟಿಗೆ ಹೋಗಿರುತ್ತಾರೆ.