433 ಮೆಗಾಹರ್ಟ್ಸ್ ಟ್ರಾನ್ಸ್‌ಮಿಟರ್ ಮಾಡ್ಯೂಲ್: ತಗೊಳ್ಳಿ, ಆದ್ರೆ ಕೋಡ್ ಬದಲಾಯಿಸಿ

ಎರಡು ಟ್ಯಾಂಕ್‌ಗಳ ನೀರಿನ ಮಟ್ಟ ನೋಡೋಕೆ ಒಂದೊಂದಕ್ಕೆ ಒಂದರಂತೆ ತೆಗೆದುಕೊಂಡೆ. ಬೆಲೆ ಕಡಿಮೆ, ವೈರಿಂಗ್ ಸುಲಭ. ಆದರೆ ಇದು ಸುಮ್ನೆ ಕಳಿಸುತ್ತದೆ ಅಷ್ಟೇ, ಏನನ್ನೂ ಕೇಳಿಸಿಕೊಳ್ಳುವುದಿಲ್ಲ, ಹಾಗಾಗಿ ಎರಡೂ ಒಟ್ಟಿಗೆ ಕಳಿಸಿ ಡೇಟಾ ಕೆಟ್ಟರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಜೊತೆಗೆ ಕೊಟ್ಟ ಕೋಡ್‌ನಲ್ಲಿ ಒಮ್ಮೆ ಕಳಿಸಿ ಮತ್ತೆ ಕಳಿಸುವವರೆಗಿನ ಸಮಯದ ಅಂತರ ಎಲ್ಲಕ್ಕೂ ಒಂದೇ ಇತ್ತು. ಇದು ದೊಡ್ಡ ತಪ್ಪು, ಒಮ್ಮೆ ಡಿಕ್ಕಿಯಾದರೆ ಆಗುತ್ತಲೇ ಇರುತ್ತದೆ ಅಲ್ವಾ? ಒಂದಕ್ಕೆ 7, ಇನ್ನೊಂದಕ್ಕೆ 11 ಸೆಕೆಂಡು ಕೊಡಿ. ಮೆಸೇಜ್ ಚಿಕ್ಕದಿದ್ದರೆ, ಯಾವುದನ್ನು ಯಾವಾಗ ಆನ್ ಮಾಡಿದರೂ 77 ಸೆಕೆಂಡಿಗೆ ಹೆಚ್ಚೆಂದರೆ ಒಂದೇ ಡಿಕ್ಕಿ. ಇದೇ ದಾರಿಯ ಪ್ರೋಟೋಕಾಲ್ ಸೀಕ್ವೆನ್ಸ್‌ಗಳ (ಯಾವಾಗ ಕಳಿಸಬೇಕು, ಯಾವಾಗ ಸುಮ್ನಿರಬೇಕು ಅಂತ ಮೊದಲೇ ಗೊತ್ತುಮಾಡಿದ ಸರಣಿಗಳ) ಬಗ್ಗೆ ಸಂಶೋಧಕರಾದ ಮ್ಯಾಸಿ ಮತ್ತು ಮ್ಯಾಥಿಸ್ 1985ರಲ್ಲೇ ಬರೆದಿದ್ದಾರೆ, ಎಷ್ಟು ಚೆಂದದ ಯೋಚನೆ! ಮಾಡ್ಯೂಲ್‌ಗೆ ನಾಲ್ಕು ಸ್ಟಾರ್, ಕೋಡ್‌ಗೆ ಒಂದೇ.